ಎಡಗಡೆಯ ಪೂರ್ವ

“ಮುಂದಿನದು ಓದಿ ಮೇಷ್ಟ್ರೇ,” ಎಂದಳು ಇನ್‌ಸ್ಪೆಕ್ಟರಮ್ಮ.

ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕಂಪ್ಯೂಟರಿನ ಪರದೆಯ ಮೇಲಿದ್ದ ಸದಸ್ಯರ ಸಲಹೆಗಳ ಪುಟಕ್ಕೆ ಮುಖ ಒಡ್ಡಿದರು. “‘ಅಕ್ಷರ ತೀರಾ ಸಣ್ಣ. ದೊಡ್ಡದು ಮಾಡಿ. ಇರುವೆ ಸಾಲು ನೋಡಲು ನಾವು ಸದಸ್ಯರಾದದ್ದಲ್ಲ.’ ಬರೆದವರು ಹಳೇಲೆನ್ಸ್. ನಮ್ಮಲ್ಲಿ ಹಿರಿಯರು, ಸ್ವಲ್ಪ ಸಿಡುಕು.”

“ಮುಂದೆ.”

“‘ಚಂದ್ರ ಹುಟ್ಟುವ ಹೊತ್ತನ್ನು ಮೊದಲ ಪುಟದಲ್ಲೇ ಹಾಕಿ. ಈಗ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಚಂದ್ರ ಮುಳುಗಿರುತ್ತಾನೆ.’”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು. ಇವತ್ತು ಗಡಿಯಾರ ನೋಡಿಕೊಂಡಳು. ಕಟ್ಟುಹಲ್ಲು ಕಾಣೆಯಾಗಿ ವಾರ ಕಳೆದಿತ್ತು. ಸಂಜೆಯೊಳಗೆ ಸುಳಿವು ಸಿಗದಿದ್ದರೆ ಹುಡುಕಾಟ ನಿಲ್ಲಿಸಿ ಎಂದು ಸಾಹೇಬರು ಬೆಳಿಗ್ಗೆಯೇ ಹೇಳಿ ಕೈ ತೊಳೆದುಕೊಂಡಿದ್ದರು.

ಕಟ್ಟುಹಲ್ಲು ಎಂಬುದು ಅವನು ತಾನೇ ಇಟ್ಟುಕೊಂಡ ಹೆಸರು. ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಹಗಲೆಲ್ಲ ಊರಿನ ಬೊಚ್ಚುಬಾಯಿಗಳಿಗೆ ಹಲ್ಲು ಜೋಡಿಸಿ, ಕತ್ತಲಾದ ಮೇಲೆ ಟೆಲಿಸ್ಕೋಪು ಹೊತ್ತು ಹೊರಡುತ್ತಿದ್ದ. ಇಂಥ ಹುಚ್ಚಿರುವವರೆಲ್ಲ ಸೇರುವ ಜಾಲತಾಣದ ಹೆಸರು ‘ಇರುಳಂಗಳ’. ಅಲ್ಲಿ ಯಾರೂ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಮಾತಾಡುವುದಿಲ್ಲ. ಅದನ್ನು ಕಟ್ಟಿ ನಡೆಸಿಕೊಂಡು ಬಂದವರು ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಈ ಮೇಷ್ಟ್ರು.

ಅವನ ಬೈಕು ಸಿಕ್ಕಿದ್ದು ಊರಾಚೆಯ ಉದ್ದನೆಯ ಗುಡ್ಡದ ಬುಡದಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಗುಡ್ಡದ ಎರಡೂ ಮಗ್ಗುಲಲ್ಲಿ ಕಲ್ಲು ತೆಗೆದು ಬಿಟ್ಟ ಗುಂಡಿಗಳು, ಅವುಗಳ ಬಾಯಿಗೆಲ್ಲ ಮುಳ್ಳುಪೊದೆ. ಮೊದಲ ದಿನವೇ ಮಳೆ ಹೊಡೆದು ಪೊಲೀಸ್ ನಾಯಿಗೆ ವಾಸನೆ ಹತ್ತಲಿಲ್ಲ. ಉಳಿದ ಆಧಾರ ಒಂದೇ, ಅವನೇ ಕೈಯಲ್ಲಿ ಬರೆದು ಇರುಳಂಗಳಕ್ಕೆ ಹಾಕಿದ್ದ ನಕ್ಷೆ. ನಡುವೆ ಟ್ಯಾಂಕು, ಮೇಲಕ್ಕೊಂದು ಬಾಣ, ಬಾಣದ ತುದಿಗೆ ಉತ್ತರವೆಂದು ತಿಳಿಸುವ ಒಂದು ‘ಉ’. ಎಡಗಡೆ ಒಂದು ಗುಂಡಿ, ಅದರ ಅಂಚಿಗೆ ಪುಟ್ಟ ಚುಕ್ಕಿ: ‘ಇಲ್ಲಿಂದ ನೋಡಿ.’ ಆ ಚುಕ್ಕಿಯ ಜಾಗ ಅವನು ಹುಡುಕಿಕೊಂಡದ್ದು. ಬೇರೆ ಸದಸ್ಯರು ಪರದೆಯ ಮೇಲೆ ಭೇಷ್ ಅಂದರೇ ಹೊರತು ಯಾರೂ ಅಲ್ಲಿಗೆ ಕಾಲಿಟ್ಟವರಲ್ಲ.

ಆ ನಕ್ಷೆ ಹಿಡಿದು ಇನ್‌ಸ್ಪೆಕ್ಟರಮ್ಮನ ತಂಡ ವಾರವಿಡೀ ಗುಡ್ಡದ ಪಶ್ಚಿಮದ ಮಗ್ಗುಲನ್ನು ಜರಡಿ ಹಿಡಿದಿತ್ತು. ಸಿಕ್ಕಿದ್ದು ಹಾವಿನ ಪೊರೆ, ತುಕ್ಕು ಹಿಡಿದ ಹಾರೆ, ಯಾರದೋ ಒಂಟಿ ಚಪ್ಪಲಿ. ಆ ಚಪ್ಪಲಿ ಅವನದಲ್ಲ ಎಂದು ಹೆಂಡತಿ ಹೇಳಿದಾಗ ಇಡೀ ತಂಡವೇ ನಿರಾಳವಾಗಿ ಉಸಿರು ಬಿಟ್ಟಿತ್ತು.

“ಈಗಿನದು ಅವನೇ ಬರೆದದ್ದು,” ಎಂದರು ಮೇಷ್ಟ್ರು. ದನಿ ತಗ್ಗಿತು. “‘ಇರುಳಂಗಳದ ಪುಟ ಹಾಲಿನಷ್ಟು ಬೆಳ್ಳಗಿದೆ. ಕತ್ತಲಿಗೆ ಪಳಗಿದ ಕಣ್ಣಿಗೆ ಒಮ್ಮೆ ಬಿಳಿ ಬೆಳಕು ಬಿದ್ದರೆ ಮುಗೀತು, ಮತ್ತೆ ಮೊದಲಿಂದ ಕಾಯಬೇಕು. ಕಪ್ಪು ಪುಟ, ಕೆಂಪು ಅಕ್ಷರ ಮಾಡಿ. ಟಾರ್ಚಿಗೆ ನಾವೆಲ್ಲ ಕೆಂಪು ಕಾಗದ ಅಂಟಿಸಿಕೊಳ್ಳೋದು ಸುಮ್ಮನೆ ಅಲ್ಲ.’”

“ಎಷ್ಟು ಸಲ ಬರೆದಿದ್ದಾನೆ ಇದನ್ನ?”

“ಸಲಹೆ ಕೇಳಿದಾಗಲೆಲ್ಲ.”

“ನೀವು ಮಾಡಿದ್ರಾ?”

“ನೋಡೋಣ ಅಂದಿದ್ದೆ.” ಮೇಷ್ಟ್ರು ಪರದೆಯಿಂದ ಕಣ್ಣು ಕೀಳಲಿಲ್ಲ. “ನಾನು ಯಾರ ಸಲಹೆನೂ ಅಳಿಸಿದವನಲ್ಲಮ್ಮ. ಮೊದಲ ದಿನದಿಂದ ಬಂದದ್ದೆಲ್ಲ ಹಾಗೇ ಇದೆ.”

ಅಳಿಸಿರಲಿಲ್ಲ, ಸರಿ. ಒಂದನ್ನಾದರೂ ಜಾರಿಗೆ ತಂದ ಹಾಗೂ ಕಾಣಲಿಲ್ಲ. ಬೆಳಕಿನ ವಿಷಯಕ್ಕೆ ಇವರಿಬ್ಬರಿಗೂ ಒಮ್ಮೆ ಜೋರು ಮಾತಾಗಿತ್ತು ಎಂದು ಹಳೇಲೆನ್ಸ್ ಹೇಳಿದ್ದರು. ಅದಕ್ಕೇ ಇನ್‌ಸ್ಪೆಕ್ಟರಮ್ಮ ಇವತ್ತು ಈ ಕೋಣೆಗೆ ಬಂದದ್ದು. ಬಾಗಿಲಿಲ್ಲದ ಕಪಾಟಿನಲ್ಲಿ ಮಸೂರಗಳು, ಗೋಡೆಗೆ ಹಳೆಯ ಗ್ರಹಣದ ಫೋಟೋಗಳು, ಕಿಟಕಿಯ ಹತ್ತಿರ ಒಣಗಿದ ಗಿಡದ ಕುಂಡ. ಈ ಮನುಷ್ಯ ಒಬ್ಬನನ್ನು ಗುಂಡಿಗೆ ತಳ್ಳಬಲ್ಲನೇ? ಅವಳಿಗೆ ಹಾಗನ್ನಿಸಲಿಲ್ಲ. ಆದರೆ ಈ ವಾರ ಅವಳಿಗೆ ಅನ್ನಿಸಿದ್ದು ಯಾವುದು ತಾನೇ ಸರಿ ಬಂದಿತ್ತು?

ಕಿಟಕಿಯಾಚೆ ಅವಳ ಜೀಪು ನಿಂತಿತ್ತು. ಮುಂದಿನ ಸೀಟಿನಲ್ಲಿ ಕಟ್ಟುಹಲ್ಲಿನ ಹೆಂಡತಿ ಕೂತಿದ್ದಳು.

ಆಕೆಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಅಂಗಡಿಗೆ ಬೀಗ ಹಾಕಿ ದಿನಾ ಠಾಣೆಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದಳು. ಅಳುವುದಿಲ್ಲ, ಗೋಗರೆಯುವುದಿಲ್ಲ. ನೀಲಿ ಬಟ್ಟೆಯೊಂದನ್ನು ಮಡಿಲಲ್ಲಿ ಹರವಿಕೊಂಡು ಬಿಳಿ ದಾರದಲ್ಲಿ ಕೈಹೊಲಿಗೆ ಹಾಕುತ್ತಿದ್ದಳು. ಗಂಡನ ಟೆಲಿಸ್ಕೋಪಿಗೆ ಮುಸುಕು. “ಬಂದ ಮೇಲೆ ಬೇಕಾಗುತ್ತಲ್ಲ ಮೇಡಂ,” ಅಂದಿದ್ದಳು. ಆ ಮಾತಿಗೆ ದಫೇದಾರ ಎದ್ದು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದಿದ್ದ.

ಇವತ್ತು ಬೆಳಿಗ್ಗೆ ಆಕೆಯ ಕೈ ಖಾಲಿ ಇತ್ತು. ಹೊಲಿಗೆ ಎಲ್ಲಿ ಎಂದು ಕೇಳಿದ್ದಕ್ಕೆ, “ಮುಗೀತು. ಮನೇಲಿಟ್ಟೆ,” ಅಂದಿದ್ದಳು. ಸಾಹೇಬರ ಆದೇಶವನ್ನು ಆ ಖಾಲಿ ಕೈಗಳಿಗೆ ಹೇಳುವ ಧೈರ್ಯ ಇನ್‌ಸ್ಪೆಕ್ಟರಮ್ಮನಿಗೆ ಬರಲಿಲ್ಲ. ಬನ್ನಿ, ಅಂಗಡಿ ತನಕ ಬಿಡ್ತೀನಿ ಎಂದು ಜೀಪಿಗೆ ಹತ್ತಿಸಿಕೊಂಡು, ದಾರಿಯಲ್ಲಿ ಇಲ್ಲಿ ನಿಲ್ಲಿಸಿದ್ದಳು.

“‘ಫೋಟೋ ಏರಿಸೋಕೆ ಜನ್ಮ ಹಿಡಿಯುತ್ತೆ...’” ಮೇಷ್ಟ್ರು ಓದುತ್ತಲೇ ಇದ್ದರು. “‘ಹಾಸ್ಯದ ಅಂಕಣ ತೆಗೆದುಹಾಕಿ, ನಗು ಬರಲ್ಲ...’ ‘ಹೊಸಬರಿಗೆ ಒಂದು ಪ್ರತ್ಯೇಕ ಪುಟ...’”

“ನಿಲ್ಲಿ.”

ಮೇಷ್ಟ್ರ ಬೆರಳು ನಿಂತಿತು.

“ಒಂದು ಬಿಟ್ರಿ. ಪುಟ ಮೇಲಕ್ಕೆ ಸರಿಸಿ.”

“ಅದೇನಿಲ್ಲಮ್ಮ, ಹೊಸಬರು ಯಾರೋ ತಿಳೀದೆ...”

“ಸರಿಸಿ ಅಂದೆ.”

ಮೇಷ್ಟ್ರು ಸರಿಸಲಿಲ್ಲ. ಅವಳೇ ಬಗ್ಗಿ ಅವರ ಕೈಯಿಂದ ಮೌಸ್ ಕಸಿದುಕೊಂಡು ಪುಟ ಮೇಲಕ್ಕೆಳೆದಳು. ಬರೆದವರ ಹೆಸರು ‘ಹಗಲುಚುಕ್ಕಿ’. ಸದಸ್ಯರಾಗಿ ಹೆಚ್ಚು ದಿನವಾಗಿರಲಿಲ್ಲ. ಬರೆದದ್ದು ಅದೊಂದೇ ಸಲ.

‘ಗುಡ್ಡದ ನಕ್ಷೆ ಸರಿಮಾಡಿ. ಒಳಮೈ ಮೇಲೆ ಮಾಡಿ ಹಾಕಿದ್ದೀರಿ. ಚುಕ್ಕಿ ತೋರಿಸಿದ ಕಡೆ ಹೋದರೆ ಬರೀ ಮುಳ್ಳು. ಜಾಗ ಇರುವುದು ಆಚೆ ಮಗ್ಗುಲಿಗೆ.’

ಅದರ ಕೆಳಗೆ ಹಳಬರ ತಮಾಷೆ ಸಾಲುಗಟ್ಟಿತ್ತು. ‘ನಕ್ಷೆ ಸರಿಯಾಗೇ ಇದೆ, ನಿಮ್ಮ ಕುತ್ತಿಗೆ ಸರಿಮಾಡಿಕೊಳ್ಳಿ.’ ‘ಆಕಾಶ ನೋಡೋರಿಗೆ ಪೂರ್ವ ಯಾವಾಗಲೂ ಎಡಗಡೆ, ಇಷ್ಟೂ ಗೊತ್ತಿಲ್ಲದೆ ಬಂದಿರಾ?’ ‘ಹೊಸಬರಿಗೆ ಸ್ವಾಗತ, ಹೊರಬಾಗಿಲು ಬಲಕ್ಕಿದೆ, ಅಂದರೆ ಎಡಕ್ಕೆ.’ ಎಲ್ಲಕ್ಕಿಂತ ಕೆಳಗೆ ಕಟ್ಟುಹಲ್ಲಿನ ಮಾತು: ‘ನಗಬೇಡಿ. ತಪ್ಪು ನನ್ನದೇ. ಕೈ ಅಭ್ಯಾಸ. ಬೇರೆ ಬರೆದು ಕೊಡುತ್ತೇನೆ.’

ಬೇರೆ ಬರೆದುಕೊಡಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಜೇಬಿನಿಂದ ನಕ್ಷೆಯ ಪ್ರತಿ ತೆಗೆದಳು. ವಾರದಿಂದ ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ ಅದರ ಮಡಿಕೆಗಳು ಹರಿಯುವ ಹಾಗಾಗಿದ್ದವು.

“ವಿವರಿಸಿ,” ಎಂದಳು. “ನಂಗೆ ಅರ್ಥ ಆಗೋ ಹಾಗೆ.”

ಮೇಷ್ಟ್ರು ನಕ್ಷೆಯ ಮೇಲೆ ಬೆರಳಿಟ್ಟರು. ಆಮೇಲೆ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದ ಪಾಠದಂತೆ ಮಾತು ತಾನಾಗಿ ಬಂತು. “ಊರಿನ ನಕ್ಷೆನ ನಾವು ಮೇಜಿನ ಮೇಲಿಟ್ಟು ಬಗ್ಗಿ ನೋಡ್ತೀವಿ. ಉತ್ತರ ಮೇಲೆ, ಪೂರ್ವ ಬಲಕ್ಕೆ. ಆಕಾಶದ ನಕ್ಷೆ ಹಾಗಲ್ಲ. ತಲೆ ಮೇಲೆ ಎತ್ತಿ ಹಿಡಿದು ಕೆಳಗಿಂದ ನೋಡಬೇಕು. ಆಗ ಉತ್ತರಕ್ಕೆ ಉತ್ತರ ಹೊಂದಿಸಿದರೆ ಪೂರ್ವ ಎಡಗಡೆಗೆ ಬರುತ್ತೆ. ಅವನು ಹತ್ತಾರು ವರ್ಷದಿಂದ ಬರೆದದ್ದೆಲ್ಲ ಆಕಾಶದ ನಕ್ಷೆ. ಗುಡ್ಡ ಬರೆಯೋಕೆ ಕೂತಾಗಲೂ ಕೈ ಹಾಗೇ ಓಡಿದೆ.”

ಅವಳು ನಕ್ಷೆಯನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಬಾಣವನ್ನು ಉತ್ತರದ ಗೋಡೆಗೆ ತಿರುಗಿಸಿದಳು. ಆ ಪುಟ್ಟ ಚುಕ್ಕಿ ಹೋಗಿ ಪೂರ್ವದ ಕಿಟಕಿಯ ಕಡೆ ಕೂತಿತು.

ಕೈ ಇಳಿಸಲು ಅವಳಿಗೆ ತುಸು ಹೊತ್ತು ಹಿಡಿಯಿತು. ಮೊದಲ ದಿನ, ಎರಡನೆಯ ದಿನ, ಮಳೆ ನಿಂತು ಬಿಸಿಲು ಬಂದ ದಿನ... ಅವನು ಎಲ್ಲೋ ಕಾಲು ಮುರಿದುಕೊಂಡು ಬಿದ್ದಿದ್ದರೆ, ಆ ದಿನಗಳಲ್ಲಿ ಕೂಗಿದ್ದರೆ, ಆ ಕೂಗು ಗುಡ್ಡದ ಆ ಮಗ್ಗುಲಲ್ಲೇ ಉಳಿಯಿತು. ಈ ಮಗ್ಗುಲಲ್ಲಿ ಅವಳ ಹುಡುಗರು ಮುಳ್ಳು ಸವರುತ್ತ ಅವನ ಹೆಸರು ಹಿಡಿದು ಕೂಗುತ್ತಿದ್ದರು.

“ಈ ನಕ್ಷೆ ನಂಗೆ ಕೊಟ್ಟವರು ಯಾರು ಮೇಷ್ಟ್ರೇ?”

“ನಾನು.”

“ಗುಡ್ಡದ ಬುಡದ ತನಕ ಬಂದವರು ಯಾರು?”

“ನಾನೇ. ಮಂಡಿ ನೋವು ಅಂತ ಟ್ಯಾಂಕಿನ ಹತ್ರ ಕೂತೆ.”

“ನಾವು ಎಡಕ್ಕೆ ತಿರುಗಿದ್ದು ನೋಡಿದ್ರಾ?”

ಮೇಷ್ಟ್ರು ತಲೆ ತಗ್ಗಿಸಿದರು. ತಲೆಯ ನಡುವಿನ ಬೋಳು ಬೆವತಿತ್ತು. ಉತ್ತರ ಬೇಕಿರಲಿಲ್ಲ, ಆದರೂ ಅವಳು ಕಾದಳು. ಈ ಒಂದು ಮಾತನ್ನು ಅವರ ಬಾಯಿಂದಲೇ ಕೇಳಬೇಕೆಂಬ ಹಟ ಹಿಡಿದಿತ್ತು.

“ನೋಡಿದೆ,” ಎಂದರು. “ಮೊದಲು ನಂಗೂ ಹೊಳೀಲಿಲ್ಲ, ಆಣೆ ಮಾಡ್ತೀನಿ. ಪೊಲೀಸರು, ಅವರಿಗೆ ಅವರದೇ ಲೆಕ್ಕ ಇರುತ್ತೆ ಅಂದ್ಕೊಂಡೆ. ರಾತ್ರಿ ಮಲಗಿದಾಗ ನೆನಪಾಯ್ತು. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ.”

“ಹೇಳಲಿಲ್ಲ.”

“ಬೆಳಿಗ್ಗೆ ಹೇಳಿದ್ರೆ ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳ್ತೀರಿ. ಮಾರನೇ ದಿನ ಹೇಳಿದ್ರೆ ಎರಡು ದಿನ ಏನ್ ಮಾಡ್ತಿದ್ದೆ ಅಂತೀರಿ. ದಿನ ಕಳೆದ ಹಾಗೆ ಬಾಯಿ ಬಿಡೋದು ಕಷ್ಟ ಆಗ್ತಾ ಹೋಯ್ತಮ್ಮ.” ಅವರು ಕನ್ನಡಕ ತೆಗೆದರು. ಕಣ್ಣು ಕೆಂಪಾಗಿ ಊದಿಕೊಂಡಿತ್ತು. “ಆಮೇಲೆ... ಇನ್ನು ಹೇಳಿ ಏನು ಪ್ರಯೋಜನ ಅನ್ನಿಸ್ತು.”

“ಅಂದ್ರೆ ಅವನು ಸತ್ತಿದ್ದಾನೆ ಅಂತ ನೀವೇ ತೀರ್ಮಾನ ಮಾಡಿದ್ರಿ.”

“ಹಾಗನ್ನಬೇಡಿ.”

“ಮತ್ತೆ ಹೇಗನ್ನಲಿ?”

ಮೇಷ್ಟ್ರು ಕನ್ನಡಕವನ್ನು ಅಂಗಿಯ ಅಂಚಿಗೆ ಒರೆಸತೊಡಗಿದರು. ಇವರ ಕಾಲರ್ ಹಿಡಿದು ಎಬ್ಬಿಸಬೇಕು ಎನ್ನಿಸಿತು ಅವಳಿಗೆ. ಏಳಿಸಿ ಏನು ಮಾಡುವುದು? ಇರುಳಂಗಳದಲ್ಲಿ ಆ ತಮಾಷೆ ಬರೆದವರಿಗೆಲ್ಲ ಈ ಸಂಗತಿ ಗೊತ್ತಿತ್ತು. ಪತ್ರಿಕೆಯಲ್ಲಿ ‘ಗುಡ್ಡದ ಪಶ್ಚಿಮದಲ್ಲಿ ತೀವ್ರ ಶೋಧ’ ಎಂದು ಓದಿಯೂ ಒಬ್ಬನೇ ಒಬ್ಬ ಫೋನ್ ಎತ್ತಿರಲಿಲ್ಲ. ಬೇರೆ ಯಾರೋ ಹೇಳಿರುತ್ತಾರೆ ಎಂದು ಎಲ್ಲರೂ ಹಾಯಾಗಿದ್ದರು. ಕತ್ತಲಲ್ಲಿ ಮಿಣುಕುವ ಒಂದು ಚೂರನ್ನು ಗುರುತು ಹಿಡಿಯುವ ಕಣ್ಣುಗಳು, ಅಷ್ಟು ದೊಡ್ಡ ಗುಡ್ಡ ಕಾಣಲಿಲ್ಲ ಇವಕ್ಕೆ.

ಅವಳ ಮೇಲೂ ಅವಳಿಗೆ ಅಷ್ಟೇ ಸಿಟ್ಟಿತ್ತು. ಈ ಪುಟ ಮೊದಲ ದಿನದಿಂದಲೂ ಇಲ್ಲೇ ಇತ್ತು. ಅಕ್ಷರ ದೊಡ್ಡದು ಮಾಡಿ ಎಂಬ ಗೊಣಗಾಟವನ್ನೆಲ್ಲ ಯಾರು ಓದುತ್ತಾರೆ ಎಂದು ಬದಿಗೆ ಸರಿಸಿದವಳು ಅವಳೇ.

ಗುಡ್ಡದಲ್ಲಿದ್ದ ದಫೇದಾರನಿಗೆ ಫೋನ್ ಹಚ್ಚಿದಳು. “ಹುಡುಗರನ್ನ ಕರ್ಕೊಂಡು ಟ್ಯಾಂಕಿನ ಹತ್ರ ವಾಪಸ್ ಬಾ. ಅಲ್ಲಿಂದ ಪೂರ್ವಕ್ಕೆ ಹತ್ತು. ನಕ್ಷೆಲಿ ಎಷ್ಟು ದೂರ ಇದೆಯೋ ಅಷ್ಟೇ ದೂರ, ಆದರೆ ಬಲಗಡೆ. ಕಾರಣ ಆಮೇಲೆ ಹೇಳ್ತೀನಿ. ಓಡು.”

ದಫೇದಾರ ಕಾರಣ ಕೇಳಲಿಲ್ಲ. “ಅಯ್ಯೋ ಮೇಡಂ,” ಎಂದಷ್ಟೇ ಅಂದು ಫೋನಿಟ್ಟ.

ಬಾಗಿಲಲ್ಲಿ ಅವಳು ತಿರುಗಿ ನಿಂತಳು. “ಈ ಹಗಲುಚುಕ್ಕಿ ಯಾರು?”

“ಗೊತ್ತಿಲ್ಲಮ್ಮ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ. ಸದಸ್ಯರಾಗೋಕೆ ಒಂದು ಇಮೇಲು ಸಾಕು.”

“ಎಲ್ಲರೂ ಮನೇಲಿ ಕೂತು ಭೇಷ್ ಅಂದಾಗ ಒಬ್ಬರು ಮಾತ್ರ ಆ ಗುಡ್ಡ ಹತ್ತಿ ಹುಡುಕಿದ್ದಾರೆ. ಕಟ್ಟುಹಲ್ಲು ಎಲ್ಲಿಗೆ ಹೋಗ್ತಾನೆ ಅಂತ ನೋಡೋಕೆ ಅಷ್ಟು ಆಸಕ್ತಿ ಯಾರಿಗಿತ್ತು?”

ಮೇಷ್ಟ್ರು ಗೊತ್ತಿಲ್ಲವೆಂಬಂತೆ ಗೋಣು ಆಡಿಸಿದರು. ಅವರ ಹಿಂದೆ ಪರದೆ ಹಾಲಿನಷ್ಟು ಬೆಳ್ಳಗೆ ಉರಿಯುತ್ತಿತ್ತು.

ಹೊರಗೆ ತಣ್ಣನೆ ಗಾಳಿ. ಜೀಪಿನ ಬಾಗಿಲು ತೆಗೆದಾಗ ಹೆಂಡತಿ ಸೀಟಿನ ಅಂಚಿಗೆ ಸರಿದು ಕೂತಳು. ದಿನಾ ಕೇಳುವ ಪ್ರಶ್ನೆಯನ್ನು ದಿನಾ ಕೇಳುವ ದನಿಯಲ್ಲೇ ಕೇಳಿದಳು.

“ಏನಾದ್ರೂ ಗೊತ್ತಾಯ್ತಾ ಮೇಡಂ?”

ಇನ್‌ಸ್ಪೆಕ್ಟರಮ್ಮ ಹತ್ತಿ ಕೂತು ಕೀಲಿ ತಿರುಗಿಸಿದಳು. ನಿಮ್ಮ ಯಜಮಾನರನ್ನು ವಾರವಿಡೀ ತಪ್ಪು ಕಡೆ ಹುಡುಕಿದೆವು ಎಂದು ಈ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು? “ಗುಡ್ಡಕ್ಕೆ ಹೋಗೋಣಮ್ಮ,” ಎಂದಳು. “ಅಂಗಡಿಗೆ ಆಮೇಲೆ ಬಿಡ್ತೀನಿ. ನೀವು ಜೊತೆಗಿದ್ರೆ ಒಳ್ಳೇದು.”

ಹೆಂಡತಿ ಯಾಕೆಂದು ಕೇಳಲಿಲ್ಲ. ಜೀಪು ಮುಖ್ಯರಸ್ತೆಗೆ ಬಂತು. ಪೆಟ್ರೋಲ್ ಬಂಕು, ಟೈರ್ ಅಂಗಡಿ, ಗೋದಾಮುಗಳ ಸಾಲು ಹಿಂದೆ ಸರಿದವು. ಊರು ಮುಗಿಯುವಲ್ಲಿ ಆಕೆ ಇನ್‌ಸ್ಪೆಕ್ಟರಮ್ಮನ ಕಡೆ ತಿರುಗಿ, ಹೇಳಲೋ ಬೇಡವೋ ಎಂಬಂತೆ ಮೆಲ್ಲಗೆ ನಕ್ಕಳು. ವಾರದಲ್ಲಿ ಆಕೆ ನಕ್ಕದ್ದು ಅದೇ ಮೊದಲು.

“ಬೆಳಿಗ್ಗೆಯಿಂದ ನೋಡ್ತಿದ್ದೀನಿ ಮೇಡಂ. ಸ್ವೆಟರ್ ಒಳಮೈ ಮೇಲೆ ಮಾಡಿ ಹಾಕ್ಕೊಂಡಿದ್ದೀರ.”

ಇನ್‌ಸ್ಪೆಕ್ಟರಮ್ಮ ತೋಳು ನೋಡಿಕೊಂಡಳು. ನಿಜ. ಹೊಲಿಗೆಯ ಅಂಚು ಹೊರಗೆ ಕಾಣುತ್ತಿತ್ತು, ಕಂಕುಳ ಹತ್ತಿರ ಕಂಪನಿಯ ಚೀಟಿ ಜೋತಾಡುತ್ತಿತ್ತು. ನಿದ್ದೆಗೆಟ್ಟವಳು ಬೆಳಿಗ್ಗೆ ಕೈಗೆ ಸಿಕ್ಕಿದ ಹಾಗೆ ಏರಿಸಿಕೊಂಡಿದ್ದಳು. ಅವಳೂ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು.

ಒಳಮೈ ಮೇಲೆ ಮಾಡಿ.

ಬಟ್ಟೆಯ ಕಸುಬಿನವರೆಲ್ಲ ಆಡುವ ಮಾತು ಅದು, ಎಂದು ಮನಸ್ಸು ತಕ್ಷಣ ವಕಾಲತ್ತು ವಹಿಸಿತು. ಬಟ್ಟೆಯ ವಿಷಯಕ್ಕೆ ಆಡುತ್ತಾರೆ, ಸರಿ. ಹಗಲುಚುಕ್ಕಿಯ ಹಾಗೆ ನಕ್ಷೆಯ ವಿಷಯಕ್ಕೆ ಯಾರು ಆಡುತ್ತಾರೆ? ದಿನವಿಡೀ ಅಂಗಿಗಳನ್ನು ತಿರುಗಿಸಿ ಇಸ್ತ್ರಿಪೆಟ್ಟಿಗೆ ಎಳೆಯುವ ಕೈ ಮಾತ್ರ. ಅವಳು ವಾರದಿಂದ ಯಾರಿಗಾಗಿ ನಿದ್ದೆಗೆಟ್ಟಿದ್ದಳೋ, ಯಾರ ಮುಖ ನೋಡಿ ಸಾಹೇಬರ ಹತ್ತಿರ ಒಂದೊಂದೇ ದಿನ ಬೇಡಿ ತಂದಿದ್ದಳೋ, ಆ ಮುಖ ಪಕ್ಕದಲ್ಲೇ ಇತ್ತು. ಅತ್ತ ತಿರುಗಲು ಅವಳಿಗೆ ಭಯವಾಯಿತು.

ಜೀಪನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಯಾವತ್ತಾದ್ರೂ ಆ ಗುಡ್ಡಕ್ಕೆ ಹೋಗಿದ್ರಾ?”

“ಇಲ್ಲ ಮೇಡಂ.” ಉತ್ತರ ತಡವಾಗಲಿಲ್ಲ. “ನಂಗೆ ಕತ್ತಲೆ ಅಂದ್ರೆ ಆಗಲ್ಲ. ಅವರ ಚುಕ್ಕಿ ಚಂದ್ರದ ವಿಷಯ ನಂಗೇನೂ ಗೊತ್ತಿಲ್ಲ. ಅವರೂ ಹೇಳಿದವರಲ್ಲ, ನಾನೂ ಕೇಳಿದವಳಲ್ಲ.”

ಫೋನ್ ರಿಂಗಾಯಿತು. ದಫೇದಾರ. ಏದುಸಿರು ಬಿಡುತ್ತಿದ್ದ. ಅವನ ದೊಡ್ಡ ಗಂಟಲು ಜೀಪಿನ ತುಂಬ ಕೇಳಿಸಿತು.

“ಸಿಕ್ತು ಮೇಡಂ. ಪೂರ್ವದಲ್ಲೇ ಇದೆ, ನಕ್ಷೆಲಿದ್ದ ಹಾಗೇ. ಗುಂಡಿ ಅಂಚಲ್ಲಿ ಟೆಲಿಸ್ಕೋಪು ನಿಂತಿದೆ.”

“ಅವನು?”

“ಕಾಣ್ತಿಲ್ಲ. ಆದರೆ ಮೇಡಂ...” ದಫೇದಾರ ತಡವರಿಸಿದ. “ಟೆಲಿಸ್ಕೋಪಿಗೆ ಮುಸುಕು ಹಾಕಿದ್ದಾರೆ. ನೀಲಿ ಬಟ್ಟೆ. ಬಿಳಿ ದಾರದ ಹೊಲಿಗೆ. ಅದು... ನಮ್ಮ ಬೆಂಚಿನ ಮೇಲೆ ಹೊಲೀತಿದ್ದದ್ದೇ ಅಲ್ವಾ ಮೇಡಂ?”

ಇನ್‌ಸ್ಪೆಕ್ಟರಮ್ಮನಿಗೆ ಬೆಳಿಗ್ಗೆಯ ಮಾತು ನೆನಪಾಯಿತು. ಮುಗೀತು, ಮನೇಲಿಟ್ಟೆ. ನಿನ್ನೆ ಸಂಜೆ ಆಕೆ ಬೆಂಚಿನಿಂದ ಏಳುವಾಗಲೂ ಆ ಬಟ್ಟೆಯಲ್ಲಿ ಒಂದು ಅಂಚು ಹೊಲಿಯುವುದು ಬಾಕಿಯಿತ್ತು. ಅದನ್ನು ಇನ್‌ಸ್ಪೆಕ್ಟರಮ್ಮನೇ ಕಣ್ಣಾರೆ ನೋಡಿದ್ದಳು.

“ಗುಂಡಿ ತುಂಬ ಆಳ ಮೇಡಂ, ಒಳಗೆ ಏನೂ ಕಾಣ್ತಿಲ್ಲ. ಟಾರ್ಚ್ ಬಿಟ್ಟು ನೋಡ್ಲಾ?”

ಪಕ್ಕದ ಸೀಟಿನಿಂದ ಒಂದು ಕೈ ಬಂದು ಅವಳ ತೋಳಿನ ಮೇಲೆ ಕೂತಿತು. ಖಾಲಿ ಕೈ, ಬೆರಳ ತುದಿಯಲ್ಲೆಲ್ಲ ಸೂಜಿಯ ಗುರುತು.

“ಬಿಳಿ ಟಾರ್ಚ್ ಬೇಡ ಅನ್ನಿ ಮೇಡಂ,” ಎಂದಳು ಹೆಂಡತಿ, ಮಲಗಿದವರು ಎದ್ದಾರು ಎಂಬಷ್ಟು ಮೆಲ್ಲಗೆ. “ಕೆಂಪು ಕಾಗದ ಸುತ್ತಿಕೊಳ್ಳೋಕೆ ಹೇಳಿ. ಅವರ ಕಣ್ಣಿಗೆ ಆಗಲ್ಲ.”